ಬೆಲೆ ತೆರುವವರು ಯಾರು? ಒಡೆಯರಪಾಳ್ಯದ ಕಡೆಯಿಂದ ಅಂತಾರಾಷ್ಟ್ರೀಯ ನಿರ್ಬಂಧಗಳನ್ನು ನೋಡಿದಾಗ



ಈ ದತ್ತಿ ಉಪನ್ಯಾಸದ ಸಂಘಟಕರು ವಿಷಯ ಏನೆಂದು ಕೇಳಿದಾಗ, ಮಾನವ ಹಕ್ಕುಗಳ ದಮನಕ್ಕೆ ಪ್ರತಿಯಾಗಿ ದೇಶಗಳು ಹಾಕುವ ನಿರ್ಬಂಧಗಳು ಎಂದೆ. "ನಮ್ಮ ಕಡೆಗೆ ಇದು ಸ್ವಲ್ಪ ದೂರದ ವಿಷಯ ಆಗಲ್ವಾ ಸಾರ್?" ಎಂದರು ಅವರಲ್ಲೊಬ್ಬರು. ಎಷ್ಟು ದೂರ ಎನ್ನುವುದನ್ನೇ ಮೊದಲು ಹೇಳಿಬಿಡುತ್ತೇನೆ. ನಮ್ಮ ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ಲೊಕ್ಕನಹಳ್ಳಿ ಕಡೆಯ ಬಸ್ಸು ಹತ್ತಿದರೆ ಮುಂದೆ ಒಡೆಯರಪಾಳ್ಯ ಸಿಗುತ್ತದೆ. ಅಷ್ಟೇ ದೂರ.

2022ರ ಡಿಸೆಂಬರ್ 9ರಂದು ಅಮೆರಿಕದ ಹಣಕಾಸು ಇಲಾಖೆ ಒಂದು ಪಟ್ಟಿ ಹೊರಡಿಸಿತು. ಅದರಲ್ಲಿ ಟಿಬೆಟ್‌ಗೆ ಸಂಬಂಧಿಸಿದ ಎರಡು ಹೆಸರುಗಳಿದ್ದವು. ಒಬ್ಬರು ವೂ ಯಿಂಗ್‌ಜಿಯೆ, 2016ರಿಂದ 2021ರವರೆಗೆ ಟಿಬೆಟ್‌ನಲ್ಲಿ ಚೀನೀ ಕಮ್ಯುನಿಸ್ಟ್ ಪಕ್ಷದ ಕಾರ್ಯದರ್ಶಿ. ಇನ್ನೊಬ್ಬರು ಝಾಂಗ್ ಹಾಂಗ್‌ಬೋ, ಅಲ್ಲಿನ ಪೊಲೀಸ್ ಮುಖ್ಯಸ್ಥ. ಅಮೆರಿಕದಲ್ಲಿ ಇವರ ಆಸ್ತಿಯೇನಾದರೂ ಇದ್ದರೆ ಮುಟ್ಟುಗೋಲು, ವೀಸಾ ಇಲ್ಲ, ಯಾವ ಅಮೆರಿಕನ್ನನೂ ಇವರೊಡನೆ ವ್ಯವಹಾರ ಮಾಡುವಂತಿಲ್ಲ. ಮಾಡಿದ ತಪ್ಪು? ಮನಬಂದಂತೆ ಬಂಧನ, ಚಿತ್ರಹಿಂಸೆ, ಧಾರ್ಮಿಕ ದಮನ. ಅಂಥದೇ ಹಳೆಯ ದಮನಕ್ಕೆ ಬೇಸತ್ತು ಬಂದವರ ಮಕ್ಕಳು, ಮೊಮ್ಮಕ್ಕಳು ನಮ್ಮ ಹನೂರು ತಾಲ್ಲೂಕಿನಲ್ಲಿ ಮುಸುಕಿನ ಜೋಳ ಬಿತ್ತುತ್ತಿದ್ದಾರೆ.

ಹೊಸ ತಲೆಮಾರಿಗಾಗಿ ಸ್ವಲ್ಪ ಹಿನ್ನೆಲೆ. 1959ರ ಮಾರ್ಚ್‌ನಲ್ಲಿ ಲ್ಹಾಸಾದಲ್ಲಿ ಜನ ದಂಗೆಯೆದ್ದರು, ದಲಾಯಿ ಲಾಮಾ ಗಡಿ ದಾಟಿ ಬಂದರು, ಹಿಂದೆಯೇ ಸಾವಿರಾರು ಜನ ಬಂದರು. ನೆಹರೂ ರಾಜ್ಯಗಳನ್ನು ಜಾಗ ಕೇಳಿದಾಗ ದೊಡ್ಡ ಮನಸ್ಸು ಮಾಡಿದ್ದು ಮೈಸೂರು ರಾಜ್ಯ. ಆ ನಿರ್ಧಾರದ ಹಿಂದಿದ್ದವರು ಎಸ್. ನಿಜಲಿಂಗಪ್ಪ. ಮೊದಲು ಬೈಲಕುಪ್ಪೆ, ಆಮೇಲೆ ಮುಂಡಗೋಡು, ಹುಣಸೂರು, ಕೊನೆಗೆ 1973-74ರ ಹೊತ್ತಿಗೆ ನಮ್ಮ ಒಡೆಯರಪಾಳ್ಯ. ಅವರ ಬಾಯಲ್ಲಿ ಅದು ಧೊಂಡೆನ್‌ಲಿಂಗ್. ಇಂದು ಅಲ್ಲಿ 22 ಸಣ್ಣ ಹಳ್ಳಿಗಳಿವೆ, 1992ರಲ್ಲಿ ದಲಾಯಿ ಲಾಮಾ ಅವರೇ ಬಂದು ಉದ್ಘಾಟಿಸಿದ ಜೋಗ್ಚೆನ್ ಮಠವಿದೆ. ಭೂಮಿ ಸರ್ಕಾರದ್ದು, ಇವರದು ಗುತ್ತಿಗೆ. ಮಳೆ ನಂಬಿದ ಬೇಸಾಯ. ತೆನೆ ಕಟ್ಟುವ ಹೊತ್ತಿಗೆ ಕಾಡಿನಿಂದ ಆನೆ ಇಳಿಯುತ್ತದೆ. ಆ ವಿಷಯದಲ್ಲಿ ನಮ್ಮ ರೈತರಿಗೂ ಅವರಿಗೂ ಯಾವ ಭೇದವೂ ಇಲ್ಲ. ಜೋಳದ ಕೆಲಸ ಮುಗಿದ ಮೇಲೆ ಮನೆಗೊಬ್ಬರಿಬ್ಬರು ಲೂಧಿಯಾನದಿಂದ ಸಗಟು ಸ್ವೆಟರ್ ತಂದು ಊರೂರಿನ ಫುಟ್‌ಪಾತಿನಲ್ಲಿ ಮಾರಲು ಹೋಗುತ್ತಾರೆ. ವರ್ಷದ ನಿಜವಾದ ಆದಾಯ ಅದೇ.

ಭೇದ ಇರುವುದು ಕಾಗದದಲ್ಲಿ. ಇಲ್ಲೇ ಹುಟ್ಟಿ, ನಮ್ಮ ಮಕ್ಕಳಷ್ಟೇ ಸರಾಗವಾಗಿ ಕನ್ನಡ ಮಾತಾಡುವ ಹುಡುಗನೂ 'ಆರ್‌ಸಿ' ಎನ್ನುವ ನೋಂದಣಿ ಪತ್ರ ಇಟ್ಟುಕೊಳ್ಳಬೇಕು. ಕಾನೂನಿನ ಕಣ್ಣಲ್ಲಿ ಅವನು ವಿದೇಶೀಯ, ಅವಧಿ ಮುಗಿದಾಗಲೆಲ್ಲ ಅದನ್ನು ನವೀಕರಿಸಬೇಕು. ಹೊರದೇಶಕ್ಕೆ ಹೋಗಬೇಕಾದರೆ ಪಾಸ್‌ಪೋರ್ಟಿನ ಬದಲು ಹಳದಿ ರಟ್ಟಿನ ಗುರುತಿನ ಪುಸ್ತಕ. ಅದನ್ನು ನೋಡಿದ ವಿಮಾನ ನಿಲ್ದಾಣದ ಅಧಿಕಾರಿ ಇದೇನೆಂದು ಮೇಲಧಿಕಾರಿಯನ್ನು ಕರೆಯುತ್ತಾನೆ. ಹಕ್ಕಿನ ದಮನ ಎಂದರೆ ಲಾಠಿ, ಜೈಲು ಅಂತ ಮಾತ್ರ ನಾವು ತಿಳಿದಿರುತ್ತೇವೆ. ಮೂರನೆಯ ತಲೆಮಾರಿನ ಕೈಯಲ್ಲಿರುವ ಹಳದಿ ಪುಸ್ತಕವೂ ಅದರದೇ ಫಲ.

ಇವರ ಪರವಾಗಿ ಲೋಕ ಏನು ಮಾಡಿತು? 1950ರಲ್ಲಿ ಚೀನೀ ಸೇನೆ ಟಿಬೆಟ್‌ಗೆ ನುಗ್ಗಿದಾಗ ವಿಶ್ವಸಂಸ್ಥೆಯಲ್ಲಿ ದೂರು ಎತ್ತಿದ್ದು ಎಲ್ ಸಾಲ್ವಡಾರ್ ಎಂಬ ಪುಟ್ಟ ದೇಶ. ಶಾಂತಿಯಿಂದಲೇ ಬಗೆಹರಿಯುತ್ತದೆ ಎಂಬ ನಂಬಿಕೆಯನ್ನು ಭಾರತ ವ್ಯಕ್ತಪಡಿಸಿತು, ಚರ್ಚೆ ಮುಂದಕ್ಕೆ ಹೋಯಿತು. ಅಷ್ಟೇ ಅಲ್ಲ, ಆ ದಶಕದ ಆರಂಭದಲ್ಲಿ ಟಿಬೆಟ್‌ನಲ್ಲಿದ್ದ ಚೀನೀ ಪಡೆಗಳಿಗೆ ಅಕ್ಕಿ ಹೋದದ್ದೂ ನಮ್ಮ ನೆಲದ ಮೂಲಕವೇ. 1959ರಲ್ಲಿ ಸಾಮಾನ್ಯ ಸಭೆ ಟಿಬೆಟನ್ನರ ಮೂಲಭೂತ ಹಕ್ಕುಗಳನ್ನು ಗೌರವಿಸಬೇಕೆಂದು ನಿರ್ಣಯ ಮಾಡಿದಾಗ ಭಾರತ ತಟಸ್ಥವಾಗಿ ಕೂತಿತು. 1961ರಲ್ಲೂ ಹಾಗೆಯೇ. 1965ರಲ್ಲಿ ಮಾತ್ರ ಪರವಾಗಿ ಮತ ಹಾಕಿತು. ಈ ನಡುವೆ ಟಿಬೆಟನ್ನರ ಕಷ್ಟ ಏನೂ ಬದಲಾಗಿರಲಿಲ್ಲ, 1962ರ ಯುದ್ಧ ಆಗಿತ್ತು. 2003ರಲ್ಲಿ ವಾಜಪೇಯಿ ಬೀಜಿಂಗ್‌ಗೆ ಹೋದಾಗ ಟಿಬೆಟ್ ಸ್ವಾಯತ್ತ ಪ್ರದೇಶ ಚೀನಾದ ಭಾಗ ಎಂದು ಒಪ್ಪಿ ಸಹಿ ಹಾಕಿದೆವು. ಇನ್ನು ವಿಶ್ವಸಂಸ್ಥೆಯ ನಿರ್ಬಂಧದ ಮಾತೇ ಇಲ್ಲ. ಅದನ್ನು ಹಾಕಬೇಕಾದದ್ದು ಭದ್ರತಾ ಮಂಡಳಿ, ಅಲ್ಲಿ ಚೀನಾದ ಕೈಯಲ್ಲಿ ವೀಟೋ ಇದೆ.

ನಮ್ಮ ಹಳ್ಳಿಗಳಲ್ಲಿ ಬಹಿಷ್ಕಾರ ಎಂದರೇನು ಅಂತ ನಾನು ವಿವರಿಸಬೇಕಾಗಿಲ್ಲ. ಅಂಗಡಿಯಲ್ಲಿ ಸಾಮಾನು ಕೊಡುವುದಿಲ್ಲ, ಕೂಲಿಗೆ ಕರೆಯುವುದಿಲ್ಲ, ಹಿಟ್ಟಿನ ಗಿರಣಿ ಮುಚ್ಚಿರುತ್ತದೆ. ಅದು ಯಾರ ಮೇಲೆ ಬೀಳುತ್ತದೆ ಎಂಬುದೂ ನಿಮಗೆ ಗೊತ್ತು. ಊರ ಯಜಮಾನನ ಮೇಲೆ ಬಿದ್ದದ್ದನ್ನು ಯಾರೂ ಕಂಡಿಲ್ಲ. ಅಂತಾರಾಷ್ಟ್ರೀಯ ನಿರ್ಬಂಧವೂ ಇದೇ ಜಾತಿಯದೇ ಎನ್ನುವ ಅನುಮಾನ ನಮ್ಮಂಥ ದೇಶಗಳಲ್ಲಿ ಹಳೆಯದು. ಅನುಮಾನಕ್ಕೆ ಕಾರಣವಿದೆ. ಆದರೆ ಅದೇ ಪೂರ್ತಿ ಸತ್ಯವಲ್ಲ. ನಿರ್ಬಂಧ ಹಾಕುವವನು ತಾನೂ ಏನನ್ನಾದರೂ ಕಳೆದುಕೊಳ್ಳಲು ತಯಾರಿದ್ದಾನೆಯೇ ಎಂಬುದರ ಮೇಲೆ ಅದರ ಯೋಗ್ಯತೆ ನಿಂತಿದೆ. ನನ್ನ ಇಡೀ ಉಪನ್ಯಾಸದ ವಾದ ಇಷ್ಟೇ.

ಕಳೆದುಕೊಂಡವರ ಉದಾಹರಣೆ ದೂರದಲ್ಲಿ ಹುಡುಕಬೇಕಿಲ್ಲ. 1946ರಲ್ಲಿ, ಸ್ವಾತಂತ್ರ್ಯಕ್ಕೂ ಮೊದಲೇ, ದಕ್ಷಿಣ ಆಫ್ರಿಕಾದ ಮೇಲೆ ವ್ಯಾಪಾರ ನಿಷೇಧ ಹಾಕಿದ ಮೊದಲ ದೇಶ ಭಾರತ. ಅಲ್ಲಿದ್ದ ಭಾರತೀಯರನ್ನು ಬಣ್ಣದ ಕಾರಣಕ್ಕೆ ಕೀಳಾಗಿ ಕಾಣುವ ಕಾನೂನಿನ ವಿರುದ್ಧ ವಿಶ್ವಸಂಸ್ಥೆಗೆ ದೂರು ಕೊಟ್ಟೆವು, ವಿಜಯಲಕ್ಷ್ಮಿ ಪಂಡಿತ್ ಅಲ್ಲಿ ವಾದ ಮಾಡಿದರು. ನಮ್ಮ ರಫ್ತಿನಲ್ಲಿ ಸುಮಾರು ಶೇ. 5ರಷ್ಟು ಆಗ ಆ ದೇಶಕ್ಕೆ ಹೋಗುತ್ತಿತ್ತು. ಬಡ ದೇಶವೊಂದು ಅಷ್ಟನ್ನೂ ಬಿಟ್ಟಿತು. 1974ರಲ್ಲಿ ಭಾರತ ಡೇವಿಸ್ ಕಪ್ ಫೈನಲ್ ತಲುಪಿದಾಗ ಎದುರಾಳಿ ಅದೇ ದಕ್ಷಿಣ ಆಫ್ರಿಕಾ. ವಿಜಯ್, ಆನಂದ್ ಅಮೃತರಾಜ್ ಸಹೋದರರು ಒಳ್ಳೆಯ ಲಯದಲ್ಲಿದ್ದರು. ಆದರೂ ಸರ್ಕಾರ ಆಡುವುದಿಲ್ಲ ಎಂದಿತು, ಕಪ್ ಅತ್ತ ಹೋಯಿತು. ಇಂದಿಗೂ ಭಾರತ ಆ ಕಪ್ ಗೆದ್ದಿಲ್ಲ. ಅಮೆರಿಕ ಆ ದೇಶದ ಮೇಲೆ ನಿರ್ಬಂಧದ ಕಾನೂನು ಮಾಡಿದ್ದು 1986ರಲ್ಲಿ, ಅದೂ ಅಧ್ಯಕ್ಷ ರೇಗನ್ ವೀಟೋ ಹಾಕಿದ ಮೇಲೆ, ಸಂಸತ್ತು ಅದನ್ನು ಮೀರಿ. ಅದಕ್ಕೂ ಒಂದು ವರ್ಷ ಮುಂಚೆ ಚೇಸ್ ಮ್ಯಾನ್‌ಹಟನ್ ಬ್ಯಾಂಕು ಸಾಲ ಮುಂದುವರಿಸುವುದಿಲ್ಲ ಎಂದಾಗ ಪ್ರಿಟೋರಿಯಾದ ಸರ್ಕಾರಕ್ಕೆ ನಿಜವಾದ ಬಿಸಿ ತಟ್ಟಿತ್ತು. ವರ್ಣಭೇದವನ್ನು ಮುರಿದದ್ದು ಮುಖ್ಯವಾಗಿ ಅಲ್ಲಿನ ಕಪ್ಪು ಜನರ ಹೋರಾಟ. ಹೊರಗಿನ ನಿರ್ಬಂಧ ಅದಕ್ಕೆ ಒತ್ತಾಸೆಯಾಯಿತು. ನಿರ್ಬಂಧ ಬೇಕೆಂದು ಅಲ್ಲಿನ ಹೋರಾಟಗಾರರೇ ಕೇಳಿದ್ದರು ಎಂಬುದನ್ನು ಮರೆಯಬಾರದು.

ಇರಾಕಿನಲ್ಲಿ ಯಾರೂ ಕೇಳಿರಲಿಲ್ಲ. 1990ರ ಆಗಸ್ಟ್‌ನಲ್ಲಿ ಕುವೈತ್ ಆಕ್ರಮಣಕ್ಕೆ ಪ್ರತಿಯಾಗಿ ಬಂದ ನಿರ್ಬಂಧ ಹದಿಮೂರು ವರ್ಷ ಇಡೀ ದೇಶದ ಕತ್ತು ಹಿಸುಕಿತು. ಕುವೈತಿನಲ್ಲಿ ಸಿಕ್ಕಿಬಿದ್ದ ನಮ್ಮವರಿಗೆ ಅನ್ನ ಕೊಂಡೊಯ್ಯುವ ಹಡಗಿಗೂ ನಿರ್ಬಂಧ ಸಮಿತಿಯ ಒಪ್ಪಿಗೆ ಬೇಕಾಯಿತು. ನೀರು ಶುದ್ಧ ಮಾಡುವ ಕ್ಲೋರಿನ್ನಿಗೂ ತಕರಾರು, ಅದರಿಂದ ಆಯುಧ ಮಾಡಬಹುದಂತೆ. ಸದ್ದಾಂ ಹುಸೇನನ ಅರಮನೆಗಳಲ್ಲಿ ಯಾವುದಕ್ಕೂ ಕೊರತೆ ಇರಲಿಲ್ಲ. ವಿಶ್ವಸಂಸ್ಥೆಯ ಪರವಾಗಿ ಅಲ್ಲಿದ್ದ ಡೆನಿಸ್ ಹ್ಯಾಲಿಡೇ 1998ರಲ್ಲಿ, ಅವರ ನಂತರ ಬಂದ ಹಾನ್ಸ್ ಫಾನ್ ಸ್ಪೋನೆಕ್ 2000ದಲ್ಲಿ, ಇದನ್ನು ನಮ್ಮ ಕೈಯಾರೆ ಮಾಡಲಾರೆವು ಎಂದು ಹುದ್ದೆ ಬಿಟ್ಟರು. ಐದು ಲಕ್ಷ ಮಕ್ಕಳು ಸತ್ತರು ಎಂಬ ಆ ಕಾಲದ ಲೆಕ್ಕವನ್ನು ಮುಂದಿನ ಸಮೀಕ್ಷೆಗಳು ಒಪ್ಪಲಿಲ್ಲ. ಲೆಕ್ಕ ಕಡಿಮೆಯಾದ ಮಾತ್ರಕ್ಕೆ ಅನ್ಯಾಯ ಕಡಿಮೆಯಾಗುವುದಿಲ್ಲ.

 

ಇರಾಕಿನಿಂದ ಪಾಠ ಕಲಿತು ಇಡೀ ದೇಶದ ಬದಲು ತಪ್ಪಿತಸ್ಥನ ಹೆಸರು ಹಿಡಿದು ಹೊಡೆಯುವ ಪದ್ಧತಿ ಬಂತು. 2009ರಲ್ಲಿ ಮಾಸ್ಕೋದ ಜೈಲಿನಲ್ಲಿ ಸತ್ತ ತೆರಿಗೆ ಸಲಹೆಗಾರ ಸೆರ್ಗೈ ಮ್ಯಾಗ್ನಿಟ್ಸ್ಕಿಯ ಹೆಸರಿನಲ್ಲಿ ಅಮೆರಿಕ 2012ರಲ್ಲಿ ಕಾನೂನು ಮಾಡಿತು, 2016ರಲ್ಲಿ ಅದನ್ನು ಇಡೀ ಲೋಕಕ್ಕೆ ಹಿಗ್ಗಿಸಿತು. ಕೆನಡಾ, ಬ್ರಿಟನ್, ಐರೋಪ್ಯ ಒಕ್ಕೂಟ ಹಿಂದೆ ಬಂದವು. ವೂ, ಝಾಂಗ್ ಸಿಕ್ಕಿಬಿದ್ದದ್ದು ಈ ಬಲೆಯಲ್ಲೇ. ಭಾರತದಲ್ಲಿ ಇಂಥ ಕಾನೂನಿಲ್ಲ. ನಮ್ಮಲ್ಲಿರುವುದು 1947ರ ಒಂದು ಕಾಯ್ದೆ, ಅದು ಭದ್ರತಾ ಮಂಡಳಿ ಹೇಳಿದ್ದನ್ನು ಜಾರಿ ಮಾಡಲು ಮಾತ್ರ.

ಹೆಸರು ಹಿಡಿದು ಹೊಡೆಯುವುದು ಹೆಚ್ಚು ನ್ಯಾಯ, ಒಪ್ಪುತ್ತೇನೆ. ಆದರೆ ಅಗ್ಗ ಕೂಡ. 2005ರಲ್ಲಿ ಗುಜರಾತಿನ ಅಂದಿನ ಮುಖ್ಯಮಂತ್ರಿ ನರೇಂದ್ರ ಮೋದಿಯವರಿಗೆ 2002ರ ಹಿಂಸಾಚಾರದ ಹಿನ್ನೆಲೆಯಲ್ಲಿ, ಧಾರ್ಮಿಕ ಸ್ವಾತಂತ್ರ್ಯದ ಕಾನೂನಿನಡಿ ಅಮೆರಿಕ ವೀಸಾ ನಿರಾಕರಿಸಿತು. ನಮ್ಮ ವಿಶೇಷ ತನಿಖಾ ತಂಡ ಮೊಕದ್ದಮೆಗೆ ಬೇಕಾದ ಸಾಕ್ಷ್ಯವಿಲ್ಲ ಎಂದದ್ದು, ಅದನ್ನು ಸುಪ್ರೀಂ ಕೋರ್ಟ್ 2022ರಲ್ಲಿ ಎತ್ತಿಹಿಡಿದದ್ದು ಬೇರೆ ಕತೆ. ವೀಸಾ ಮಾತ್ರ ಕೋರ್ಟಿಗಾಗಿ ಕಾಯಲಿಲ್ಲ. 2014ರಲ್ಲಿ ಅವರು ಪ್ರಧಾನಿಯಾದ ಕೂಡಲೇ ವಾಷಿಂಗ್ಟನ್ನಿನ ಬಾಗಿಲು ತೆರೆಯಿತು. ಮೋದಿಯವರನ್ನು ಮೆಚ್ಚುವವರೂ ಮೆಚ್ಚದವರೂ ಇದನ್ನು ಗಮನಿಸಬೇಕು: ಮುಖ್ಯಮಂತ್ರಿಗೆ ವೀಸಾ ಕೊಡದಿದ್ದರೆ ಅಮೆರಿಕಕ್ಕೆ ನಷ್ಟವಿಲ್ಲ, ಪ್ರಧಾನಿಗೆ ಕೊಡದಿದ್ದರೆ ನಷ್ಟವಿದೆ.

ವೂ ಯಿಂಗ್‌ಜಿಯೆಯ ಕತೆ ಇನ್ನೂ ಸ್ವಾರಸ್ಯ. ಅಮೆರಿಕದ ಪಟ್ಟಿಗೆ ಸೇರಿದ ಮೇಲೂ ಬೀಜಿಂಗ್‌ನಲ್ಲಿ ಆತನ ಸ್ಥಾನಮಾನಕ್ಕೆ ಏನೂ ಆಗಲಿಲ್ಲ. ಉತ್ತರವಾಗಿ ಚೀನಾವೇ ಇಬ್ಬರು ಅಮೆರಿಕನ್ನರ ಮೇಲೆ ನಿರ್ಬಂಧ ಹಾಕಿತು. 2024ರ ಜೂನ್‌ನಲ್ಲಿ ಆತನ ಪಕ್ಷವೇ ಆತನ ಮೇಲೆ ಭ್ರಷ್ಟಾಚಾರದ ತನಿಖೆ ಶುರುಮಾಡಿತು. 2025ರ ಜುಲೈನಲ್ಲಿ ಬೀಜಿಂಗ್‌ನ ನ್ಯಾಯಾಲಯ 34 ಕೋಟಿ ಯುವಾನ್‌ಗೂ ಹೆಚ್ಚು ಲಂಚ ತಿಂದದ್ದಕ್ಕೆ ಮರಣದಂಡನೆ ವಿಧಿಸಿ, ಎರಡು ವರ್ಷ ತಡೆಹಿಡಿಯಿತು. ಲಾಮಾಗಳನ್ನು ಜೈಲಿಗೆ ಹಾಕಿದ್ದು ಆ ತೀರ್ಪಿನ ವಿಷಯವೇ ಅಲ್ಲ. ಆತ ಸಿಕ್ಕಿಬಿದ್ದದ್ದು ದುಡ್ಡಿಗೆ.

ಈಗ ನಮ್ಮ ಊರಿಗೆ ಬರೋಣ. ಒಂದು ವೇಳೆ ಭಾರತವೇ, ಟಿಬೆಟನ್ನರ ಹಕ್ಕುಗಳಿಗಾಗಿ ಚೀನಾದ ಸರಕು ಬೇಡ ಎಂದು ನಿರ್ಧರಿಸಿತು ಅನ್ನಿ. ಮೊದಲ ಏಟು ಎಲ್ಲಿ ಬೀಳುತ್ತದೆ? ದೆಹಲಿಯಲ್ಲಲ್ಲ, ಕೊಳ್ಳೇಗಾಲದ ಮಗ್ಗದ ಮೇಲೆ. ನೇಕಾರರು ಇಲ್ಲಿದ್ದೀರಿ, ನೀವೇ ಹೇಳಿ. ಹಾಸಿನ ಎಳೆ ಏಕಸಮ ಇರಬೇಕು, ಲಾಳಿ ಹೊಡೆಯುವಾಗ ತುಂಡಾಗಬಾರದು. ಅದಕ್ಕೇ ಚೀನಾ ರೇಷ್ಮೆ ಕೇಳುತ್ತೀರಿ. ಎಳೆ ಪದೇಪದೇ ಹರಿದರೆ ಕೂತು ಗಂಟು ಹಾಕಬೇಕು, ಅಷ್ಟು ಹೊತ್ತಿನ ಕೂಲಿ ಯಾರೂ ಕೊಡುವುದಿಲ್ಲ. ಹೊಕ್ಕಿಗೆ ನಮ್ಮ ಮಿಶ್ರತಳಿಯ ನೂಲು ನಡೆದೀತು. ಹೊರಗಿನಿಂದ ಬರುವ ಕಚ್ಚಾ ರೇಷ್ಮೆಯಲ್ಲಿ ದೊಡ್ಡ ಪಾಲು ಚೀನಾದ್ದೇ.

ಅದೇ ಸಮಯಕ್ಕೆ ಯಳಂದೂರಿನ ಹಿಪ್ಪುನೇರಳೆ ತೋಟದ ರೈತನಿಗೆ ಆ ನಿಷೇಧ ವರ. 2011ರ ಬಜೆಟ್ಟನ್ನು ನೆನಪು ಮಾಡಿಕೊಳ್ಳಿ. ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ 5ಕ್ಕೆ ಇಳಿಸಿದರು. ನೇಕಾರರು ಉಸಿರಾಡಿದರು, ಗೂಡಿನ ಬೆಲೆ ಕುಸಿದು ರೈತರು ಬೀದಿಗಿಳಿದರು. ಎರಡು ವರ್ಷದ ನಂತರ ಸುಂಕ ಶೇ. 15ಕ್ಕೆ ಏರಿತು. ಸುಂಕದ ಒಂದು ಅಂಕಿ ಆಚೀಚೆ ಆದರೆ ಈ ತಾಲ್ಲೂಕಿನ ಒಂದು ಬೀದಿ ಗೆದ್ದು ಇನ್ನೊಂದು ಬೀದಿ ಸೋಲುತ್ತದೆ. 2020ರ ಜೂನ್‌ನಲ್ಲಿ ಗಲ್ವಾನ್ ಕಣಿವೆಯಲ್ಲಿ ನಮ್ಮ 20 ಯೋಧರು ಹುತಾತ್ಮರಾದಾಗ ಸರ್ಕಾರ 59 ಚೀನೀ ಆ್ಯಪ್‌ಗಳನ್ನು ನಿಷೇಧಿಸಿತು, ರೇಷ್ಮೆ ಬರುತ್ತಲೇ ಇತ್ತು. ಸರ್ಕಾರವನ್ನು ಇದಕ್ಕಾಗಿ ದೂರುವುದು ಸುಲಭ. ದೂರುವ ಮೊದಲು, ನಿಷೇಧ ಬಂದರೆ ನೇಕಾರನಿಗೆ ಪರಿಹಾರ ಎಲ್ಲಿಂದ ಕೊಡುತ್ತೀರಿ ಎಂಬುದಕ್ಕೆ ನಮ್ಮ ಹತ್ತಿರ ಉತ್ತರ ಇರಬೇಕು. ಬೆಲೆಯನ್ನು ಬಡವನ ಮೇಲೆ ಹೊರಿಸಿ ಮಾಡುವ ನಿರ್ಬಂಧ ಇರಾಕಿನದೇ ಸಣ್ಣ ರೂಪ. ಇತ್ತ ಏನೂ ತೆರದೆ ಸುಮ್ಮನಿರುವುದಕ್ಕೂ ಹೆಸರಿದೆ, ತಟಸ್ಥತೆ. 2022ರ ಅಕ್ಟೋಬರ್‌ನಲ್ಲಿ ಶಿನ್‌ಜಿಯಾಂಗ್‌ನ ವೀಗರ್ ಮುಸ್ಲಿಮರ ಸ್ಥಿತಿಯ ಬಗ್ಗೆ ಜಿನೀವಾದ ಮಾನವ ಹಕ್ಕುಗಳ ಮಂಡಳಿಯಲ್ಲಿ ಚರ್ಚೆಯಾದರೂ ನಡೆಯಲಿ ಎಂಬ ಪ್ರಸ್ತಾವ 17-19ರಲ್ಲಿ ಸೋತಿತು. ತಟಸ್ಥರಾದ 11 ದೇಶಗಳಲ್ಲಿ ನಾವೂ ಒಬ್ಬರು. ಚರ್ಚೆಗೆ ರೇಷ್ಮೆಯ ಒಂದು ಎಳೆಯೂ ಖರ್ಚಾಗುತ್ತಿರಲಿಲ್ಲ.

ಬೇರೆಯವರ ದಮನದ ಬಗ್ಗೆ ಇಷ್ಟೆಲ್ಲ ಹೇಳಿ ನಮ್ಮದೇ ಮಲೆ ಮಹದೇಶ್ವರ ಬೆಟ್ಟದ ಮಾತೆತ್ತದೆ ಕೂತರೆ ಹನೂರಿನವರು ನನ್ನನ್ನು ಕ್ಷಮಿಸಬಾರದು. ಕಾಡುಗಳ್ಳ ವೀರಪ್ಪನ್ ಮಾಡಿದ್ದು ಕಡಿಮೆಯಲ್ಲ. 1991ರಲ್ಲಿ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್, 1992ರಲ್ಲಿ ರಾಮಾಪುರ ಠಾಣೆಯ ಪೊಲೀಸರು, ಅದೇ ವರ್ಷ ಎಸ್‌ಪಿ ಹರಿಕೃಷ್ಣ ಮತ್ತು ಶಕೀಲ್ ಅಹಮದ್, 1993ರಲ್ಲಿ ಪಾಲಾರ್‌ನ ನೆಲಬಾಂಬ್. ಇವರ ರಕ್ತ ಬಿದ್ದದ್ದು ಈ ಸೀಮೆಯ ಸುತ್ತಲೇ. ಆದರೆ ಅವನನ್ನು ಹಿಡಿಯಲು ಬಂದ ಕಾರ್ಯಪಡೆ ಬೆಟ್ಟದಲ್ಲಿ ನಡೆಸಿದ ಶಿಬಿರವನ್ನು ಜನ 'ವರ್ಕ್‌ಶಾಪ್' ಎಂದೇ ಕರೆದರು. ಸೋಲಿಗರು, ಕೂಲಿಗಳು, ಗಡಿಯ ಆಚೀಚೆಯ ತಮಿಳು ರೈತರು, ಹೆಂಗಸರು, ಯಾರನ್ನು ಬೇಕಾದರೂ ಎಳೆದೊಯ್ಯುತ್ತಿದ್ದರು. ಕೈ ಹಿಂದಕ್ಕೆ ಕಟ್ಟಿ ನೇತುಹಾಕಿದ್ದು, ಕರೆಂಟು ಹಾಯಿಸಿದ್ದು ಸಂತ್ರಸ್ತರ ಹೇಳಿಕೆಗಳಲ್ಲಿದೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿ ನೇಮಿಸಿತು, 2003ರಲ್ಲಿ ವರದಿ ಬಂತು. 2004ರ ಅಕ್ಟೋಬರ್‌ನಲ್ಲಿ ವೀರಪ್ಪನ್ ಸತ್ತ. ತಮಿಳುನಾಡು ಸರ್ಕಾರ ತನ್ನ ಕಾರ್ಯಪಡೆಯ ಪ್ರತಿಯೊಬ್ಬರಿಗೂ 3 ಲಕ್ಷ ರೂಪಾಯಿ, ನಿವೇಶನ, ಒಂದು ಹಂತದ ಬಡ್ತಿ ಕೊಟ್ಟಿತು. ಅದಾಗಿ ಎರಡು ವರ್ಷದ ಮೇಲೆ, 2007ರ ಜನವರಿಯಲ್ಲಿ, ಆಯೋಗ 89 ಸಂತ್ರಸ್ತರಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಹೇಳಿತು. ಭಾಗಿಸಿ ನೋಡಿ. ತಲೆಗೆ 3 ಲಕ್ಷದ ಆಸುಪಾಸು. ಹಿಡಿಯಲು ಹೋದವನಿಗೂ ಹಿಂಸೆ ಉಂಡವನಿಗೂ ಹೆಚ್ಚುಕಡಿಮೆ ಒಂದೇ ದರ, ನಿವೇಶನ ಮತ್ತು ಬಡ್ತಿ ಬಿಟ್ಟು.

ಗಡಿಯಾಚೆ ಧರ್ಮಪುರಿ ಜಿಲ್ಲೆಯ ವಾಚಾತಿಯಲ್ಲಿ ಬೇರೆ ರೀತಿ ಆಯಿತು. 1992ರ ಜೂನ್‌ನಲ್ಲಿ ಶ್ರೀಗಂಧ ಹುಡುಕುವ ನೆಪದಲ್ಲಿ ಆ ಆದಿವಾಸಿ ಹಳ್ಳಿಗೆ ನುಗ್ಗಿದ ಅರಣ್ಯ, ಪೊಲೀಸ್, ಕಂದಾಯ ಸಿಬ್ಬಂದಿಯ ಮೇಲೆ ಹೆಸರು ಹೆಸರಾಗಿ ಮೊಕದ್ದಮೆ ನಡೆಯಿತು. 269 ಆರೋಪಿಗಳು. 54 ಮಂದಿ ವಿಚಾರಣೆ ಮುಗಿಯುವ ಮೊದಲೇ ತೀರಿಕೊಂಡರು, ಉಳಿದ 215 ಮಂದಿಗೂ 2011ರಲ್ಲಿ ಶಿಕ್ಷೆಯಾಯಿತು. 2023ರಲ್ಲಿ ಮದ್ರಾಸ್ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಯಾವ ದೇಶದ ನಿರ್ಬಂಧವೂ ಬೇಕಾಗಲಿಲ್ಲ. ಹತ್ತೊಂಬತ್ತು ವರ್ಷ ಹಿಡಿಯಿತು ನಿಜ. ಆದರೆ ಹೆಸರುಗಳು ದಾಖಲಾದವು. ನನ್ನ ಅಭಿಪ್ರಾಯದಲ್ಲಿ ವಾಷಿಂಗ್ಟನ್ನಿನ ಪಟ್ಟಿಗಿಂತ ಧರ್ಮಪುರಿಯ ಸೆಷನ್ಸ್ ನ್ಯಾಯಾಲಯದ ಪಟ್ಟಿಗೆ ತೂಕ ಹೆಚ್ಚು.

ಚಿತ್ರಹಿಂಸೆಯ ವಿರುದ್ಧ ವಿಶ್ವಸಂಸ್ಥೆಯ ಒಡಂಬಡಿಕೆಯೊಂದಿದೆ. 170ಕ್ಕೂ ಹೆಚ್ಚು ದೇಶಗಳು ಅದನ್ನು ಅನುಮೋದಿಸಿವೆ. ಚೀನಾ ಕೂಡ 1988ರಲ್ಲೇ ಅನುಮೋದಿಸಿದೆ, ಅದರಿಂದ ಲ್ಹಾಸಾದ ಜೈಲುಗಳಿಗೆ ಏನೂ ಆಗಿಲ್ಲ ಎನ್ನಬಹುದು. ಸರಿ. ಆದರೆ ಭಾರತ 1997ರ ಅಕ್ಟೋಬರ್ 14ರಂದು ಸಹಿ ಮಾತ್ರ ಹಾಕಿತು, ಅನುಮೋದಿಸಲಿಲ್ಲ. 2010ರಲ್ಲಿ ಲೋಕಸಭೆ ಚಿತ್ರಹಿಂಸೆ ತಡೆ ಮಸೂದೆಗೆ ಒಪ್ಪಿಗೆ ಕೊಟ್ಟಿತು, ರಾಜ್ಯಸಭೆ ಅದನ್ನು ಸಮಿತಿಗೆ ಒಪ್ಪಿಸಿತು, 2014ರಲ್ಲಿ ಮಸೂದೆ ಸತ್ತುಹೋಯಿತು. 2017ರಲ್ಲಿ ಕಾನೂನು ಆಯೋಗ ಮತ್ತೆ ಶಿಫಾರಸು ಮಾಡಿತು. ಅಲ್ಲಿಗೆ ನಿಂತಿದೆ.

ಬೀಜಿಂಗ್‌ನ ಮೇಲೆ ನಿರ್ಬಂಧ ಹಾಕುವುದು ಈ ಸಭೆಯ ಕೈಯಲ್ಲಿಲ್ಲ. ಒಂದು ಪ್ರಶ್ನೆ ಕೇಳುವುದು ಮಾತ್ರ ಇದೆ. ಕೊಳ್ಳೇಗಾಲ, ಹನೂರು, ಯಳಂದೂರು ಮೂರೂ ಚಾಮರಾಜನಗರ ಲೋಕಸಭಾ ಕ್ಷೇತ್ರಕ್ಕೆ ಸೇರಿವೆ. ಮತ ಕೇಳಲು ಬರುವವರು ಯಾವ ಪಕ್ಷದವರಾದರೂ ಸರಿ, ರಸ್ತೆ, ಚರಂಡಿ, ಆನೆ ಕಂದಕದ ಜೊತೆಗೆ ಇದೊಂದನ್ನೂ ಕೇಳಿ: ಆ ಒಡಂಬಡಿಕೆಯನ್ನು ಅನುಮೋದಿಸಿ, ಚಿತ್ರಹಿಂಸೆ ತಡೆ ಕಾನೂನು ತರಲು ಸಂಸತ್ತಿನಲ್ಲಿ ಎದ್ದುನಿಂತು ಕೇಳುತ್ತೀರಾ, ಇಲ್ಲವಾ? ಉತ್ತರವನ್ನು ಬರೆಸಿಕೊಳ್ಳಿ.